ಅಂದಾಜಿನಲ್ಲಿ ಇಟ್ಟ ಎಡೆ

“ಇಪ್ಪತ್ತು ವರ್ಷಗಳ ಮೇಲೆ ತನ್ನ ನಾಡಿನ ದಡಕ್ಕೇ ಬಂದಿಳಿದರೂ, ಮಂಜು ಮುಸುಕಿದ್ದರಿಂದ ಆ ವೀರನಿಗೆ ತನ್ನೂರಿನ ಗುರುತೇ ಸಿಗಲಿಲ್ಲ.”

ದೇವನಹಳ್ಳಿ ತಾಲ್ಲೂಕಿನ ಮೂಲೆಯ ನಮ್ಮ ಹೈಸ್ಕೂಲಿನಲ್ಲಿ, ಒಂಬತ್ತನೇ ತರಗತಿಗೆ ಗ್ರೀಕರ ಹಳೆಯ ಮಹಾಕಾವ್ಯದ ಕಥೆ ಓದುತ್ತಿದ್ದೆ. ಸ್ವಂತ ಊರನ್ನೇ ಮರೆಯುವವನಿದ್ದಾನೆಯೇ ಎಂದು ಮಕ್ಕಳು ನಕ್ಕರು. ನಾನೂ ನಕ್ಕೆ.

ಭಾಗ್ಯ ಎದ್ದು ನಿಂತಳು. “ನಗ್ಬೇಡಿ ಮಿಸ್. ನಮ್ಮಮ್ಮಂಗೂ ಹಂಗೇ ಆಯ್ತು. ಅಪ್ಪನ್ನ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ವಿ. ಆಮೇಲೆ ಹೊಲ ಲೇಔಟ್‌ಗೆ ಹೋಯ್ತು, ಎಲ್ಲಾ ಮಟ್ಟ ಮಾಡ್ಬಿಟ್ರು. ಪಿತೃಪಕ್ಷಕ್ಕೆ ಎಡೆ ಹಿಡ್ಕೊಂಡು ಹೋದ್ರೆ ಸಮಾಧಿ ಎಲ್ಲಿತ್ತು ಅಂತ್ಲೇ ಗೊತ್ತಾಗ್ಲಿಲ್ಲ. ಅಂದಾಜ್ನಲ್ಲಿ ಒಂದ್ಕಡೆ ಇಟ್ಬಿಟ್ಟು ಬಂದ್ವಿ.”

ನಾನು ಪುಸ್ತಕ ಮುಚ್ಚಿದೆ. ಮುಂದಿನ ಪುಟದಲ್ಲಿ ಮಂಜು ಸರಿದು ಅವನಿಗೆ ಊರು ಕಾಣುತ್ತದೆ. ಅದನ್ನು ಭಾಗ್ಯಳ ಮುಂದೆ ಓದಲು ನನಗಿನ್ನೂ ಬಾಯಿ ಬಂದಿಲ್ಲ.