ಗಂಡನ ಹೆಸರಿನ ಬಾಕ್ಸ್

ಶಾಲೆಯಲ್ಲಿ ಗಣಿತ ಕಲಿಸಿ ರಿಟೈರ್ ಆದ ಮೇಲೆ ನಾನು ಪ್ರೋಗ್ರಾಮಿಂಗ್ ಕಲಿತೆ. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಲೆಕ್ಕದ ಒಂದೊಂದು ಸ್ಟೆಪ್ಪನ್ನೂ ಬಿಡದೆ ಬರೆಸುತ್ತಿದ್ದರು. ಆ ಅಭ್ಯಾಸ ಎಪ್ಪತ್ತರ ವಯಸ್ಸಿನಲ್ಲಿ ಕೆಲಸಕ್ಕೆ ಬಂತು. ನಮ್ಮೂರು ಬಾಲಗಾಂವದಲ್ಲಿ ಕಣ್ಣಿನ ಕ್ಯಾಂಪ್ ಎಂದಾಗ ಹೆಸರು ಬರೆದುಕೊಳ್ಳಲು ಸಣ್ಣದೊಂದು ಪ್ರೋಗ್ರಾಮ್ ಮಾಡಿಕೊಟ್ಟೆ. ಒಂದು ವಿಂಡೋ, ಅದರಲ್ಲಿ ನಾಲ್ಕೈದು ಬಾಕ್ಸು, ಕೆಳಗೆ ಸೇವ್ ಬಟನ್. ಮಧ್ಯಾಹ್ನದೊಳಗೆ ಯಾದಿ ಆಸ್ಪತ್ರೆಗೆ ಹೋಗಬೇಕು. ಕೈಬರಹದ್ದು ನಡೆಯುವುದಿಲ್ಲ. ಯಾದಿಯಲ್ಲಿ ಹೆಸರಿಲ್ಲದವರಿಗೆ ಆಪರೇಶನ್ ಇಲ್ಲ.

ಮೊದಲು ಗಂಡಸರು ಬರೆಸಿದರು. ಆಮೇಲೆ ಬಂದು ಕೂತವಳು ಕುರಿ ಕಾಯುವ ಮನೆತನದ ಮುದುಕಿ, ನನ್ನ ಓರಗೆಯವಳು, ನಮ್ಮ ಓಣಿಯವಳೇ. ಎರಡೂ ಕಣ್ಣಿಗೆ ಪೊರೆ. ಸೇವ್ ಒತ್ತಿದೆ, ವಿಂಡೋ ಮಾಯವಾಯಿತು. ತೆರೆದು ಒತ್ತಿದೆ, ಮತ್ತೆ ಕ್ರ್ಯಾಶ್. ಅವಳ ಹಿಂದಿದ್ದ ಮುದುಕನದು ಸರಾಗವಾಗಿ ಸೇವ್ ಆಯಿತು. ಪುನಃ ಅವಳದು ಬರೆದೆ, ಪುನಃ ಕ್ರ್ಯಾಶ್.

“ಕುರಿ ಎಣಿಸಿದಂಗ ಎಷ್ಟ ಸಲ ಎಣಸ್ತಾರವ್ವಾ ನಿನ್ನ,” ಎಂದು ಹಿಂದಿನಿಂದ ಯಾರೋ ಚೇಷ್ಟೆ ಮಾಡಿದರು. ಅವಳು ನಗಲಿಲ್ಲ. ಸೆರಗು ಹೊದ್ದುಕೊಂಡು ಎದ್ದಳು.

“ಇರಲಿ ಬಿಡ್ರಿ ಅಕ್ಕೋರ. ಮಿಷನ್ನಿಗೂ ನಾ ಬ್ಯಾಡಾಗೇನಿ.”

ತಪ್ಪು ನನ್ನದು ಎಂದು ಹೇಳಿ ಕೈ ಹಿಡಿದು ಕೂರಿಸಿದೆ.

ಎರರ್ ಹೇಳಿದ್ದಿಷ್ಟೇ: ತಂದೆ ಅಥವಾ ಗಂಡನ ಹೆಸರಿನ ಬಾಕ್ಸನ್ನು ಹುಡುಕಿದೆ, ಸಿಗಲಿಲ್ಲ. ಸಿಗದ ಬಾಕ್ಸಿನೊಳಗೆ ಓದಲು ಹೋಗಿ ಪ್ರೋಗ್ರಾಮ್ ನಿಂತಿತ್ತು. ನಾನೇ ಇಟ್ಟ ಬಾಕ್ಸು ಎಲ್ಲಿ ಹೋದೀತು? ಸಾಲು ಸಾಲಾಗಿ ಓದುತ್ತ ಹೋದೆ. ‘ವಿಧವೆ’ ಎಂದು ಒತ್ತಿದರೆ ಆ ಬಾಕ್ಸನ್ನೇ ತೆಗೆದುಹಾಕುವಂತೆ ಬರೆದವಳು ನಾನೇ. ಹೋದವರ ಹೆಸರು ಕೇಳಿ ಯಾರನ್ನೂ ನೋಯಿಸಬಾರದು ಎಂಬ ನನ್ನ ಕಾನ್ವೆಂಟ್ ಮ್ಯಾನರ್ಸ್. ಸೇವ್ ಬಟನ್ನಿಗೆ ಮಾತ್ರ ಅದನ್ನು ತಿಳಿಸಿರಲಿಲ್ಲ. ಅದು ಇನ್ನೂ ಆ ಬಾಕ್ಸನ್ನು ಹುಡುಕುತ್ತಿತ್ತು.

ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ನನ್ನದೇ ವಿವರ ತುಂಬಿ ಹತ್ತಾರು ಸಲ ಮಾಡಿದ್ದೆ. ಅಷ್ಟೂ ಸಲ ನಾನು ಒತ್ತಿದ್ದು ‘ವಿವಾಹಿತೆ’. ನಮ್ಮ ಯಜಮಾನರು ತೀರಿಹೋಗಿ ಒಂಬತ್ತು ವರ್ಷವಾಗಿದೆ.

ಆಮೇಲೆ, ಬಾಕ್ಸ್ ಇದ್ದರೆ ಮಾತ್ರ ಓದು, ಇಲ್ಲದಿದ್ದರೆ ಮುಂದೆ ಹೋಗು ಎಂದು ಒಂದು ಸಾಲು ಸೇರಿಸಿದೆ. ಇನ್ನು ಗಂಡನ ಹೆಸರು ಬೇಕಾಗಿಲ್ಲ ಎಂದು ಅವಳಿಗೆ ಹೇಳಿದೆ.

“ಯಾಕ ಬ್ಯಾಡ್ರಿ? ಸತ್ತದ್ದು ಅವರು. ಹೆಸರೇನ ಮಾಡೇತಿ?” ಎಂದಳು. ಗಂಡನ ಹೆಸರನ್ನು ಬಾಯಿಂದ ಹೇಳುವವಳಲ್ಲ. “ನಿಮಗ ಗೊತ್ತೈತಲ್ರಿ, ನೀವ ಬರೀರಿ.”

ಗೊತ್ತಿತ್ತು. ಬಾಕ್ಸನ್ನು ತೆಗೆಯುವ ಸಾಲನ್ನು ಅಳಿಸಿ, ಆ ಹೆಸರು ಬರೆದು, ಸೇವ್ ಒತ್ತಿದೆ. ವಿಂಡೋ ಅಲ್ಲೇ ಇತ್ತು. ಯಾದಿಯಲ್ಲಿ ಅವಳ ಹೆಸರು ಕೂತಿತ್ತು. ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡಳು.

ಯಾದಿ ಕಳಿಸಿ ಎಲ್ಲರೂ ಹೋದ ಮೇಲೆ ಕಡೆಯ ಟೆಸ್ಟ್ ಎಂದು ನನ್ನ ವಿವರ ತುಂಬಿದೆ. ‘ವಿಧವೆ’ ಒತ್ತಿದೆ. ಬಾಕ್ಸ್ ಹೋಗಲಿಲ್ಲ. ಅದರಲ್ಲಿ ಇವರ ಹೆಸರು ಟೈಪ್ ಮಾಡಿದೆ.