ದನ ನಂಬಿದ ನೈಟಿ

ಮಗಳು ಚಿಕ್ಕವಳಿದ್ದಾಗ ನಾವು ಶಿರ್ತಾಡಿಯ ಹತ್ತಿರ ಅರ್ಧ ಎಕರೆ ಜಾಗ ಕೊಂಡು, ಹವ್ಯಾಸಕ್ಕೆಂದು ಕೋಳಿ, ಬಾತು, ಮೊಲ ಸಾಕಿದೆವು. ಆದರೆ ನಿಜವಾದ ಗೌಜಿ ಗದ್ದಲ ಶುರುವಾದದ್ದು ದನ ಬಂದ ಮೇಲೆ. ಹಾಲು ಕರೆಯಲು ನಾನು ಹಟ ಹಿಡಿದು ಕಲಿತೆ. ಹೂವಿನ ನೈಟಿ, ತಲೆಗೆ ಕಟ್ಟಿದ ಬೈರಾಸು ಟವೆಲು, ಇದು ದನದ ಹಟ್ಟಿಯಲ್ಲಿ ನನ್ನ ವೇಷ. ಗಂಡ ಕೆಚ್ಚಲಿಗೆ ಕೈ ಹಾಕಿದರೆ ದನ ಒದ್ದು ಕಳಿಸುತ್ತಿತ್ತು. ನಾನೇ ಬೇಕು ಅದಕ್ಕೆ ಎಂದು ನನಗೆ ಮಹಾ ಜಂಬ.

ಒಮ್ಮೆ ಮೂಡಬಿದಿರೆಗೆ ಮದುವೆಗೆ ಒಬ್ಬಳೇ ಹೋದೆ. ಬರುವಾಗ ಬಸ್ಸು ತಪ್ಪಿತು. ಹಾಲು ಕರೆಯುವ ಹೊತ್ತು ಮೀರಿತ್ತು. ಕೆಚ್ಚಲು ತುಂಬಿ ದನ ಒದ್ದಾಡುತ್ತಿರಬೇಕೆಂದು ಗೇಟಿನಿಂದಲೇ ಹಟ್ಟಿಗೆ ಓಡಿದೆ.

ಅಲ್ಲಿ ನಾನೇ ಕೂತಿದ್ದೆ. ಅದೇ ಹೂವಿನ ನೈಟಿ, ಅದೇ ಬೈರಾಸು, ಚೆಂಬಿಗೆ ಸರ್ರೆಂದು ಬೀಳುವ ಹಾಲು. ನೈಟಿಯ ಕೆಳಗೆ ಮಾತ್ರ ಗಂಡನ ರೋಮದ ಕಾಲು.

ಕರು ಹಿಡಿದು ನಿಂತಿದ್ದ ಮಗಳು ಪಿಸುಗುಟ್ಟಿದಳು: "ಸದ್ದು ಮಾಡ್ಬೇಡ ಅಮ್ಮ. ಅದು ನೀನು ಅಂತ ದನ ಹಾಲು ಬಿಡ್ತಾ ಉಂಟು."

ಗಂಡ ತಲೆ ಎತ್ತಲಿಲ್ಲ. "ಹತ್ತಿರ ಬರ್ಬೇಡ ಮಾರಾಯ್ತಿ, ಇನ್ನೂ ಸ್ವಲ್ಪ ಉಂಟು."

ನಗು ತಡೆಯದೆ ನಾನು ದನದ ಕುತ್ತಿಗೆ ಸವರಲು ಕೈ ಚಾಚಿದೆ. ಅದು ನನ್ನ ರೇಷ್ಮೆ ಸೀರೆಯನ್ನು ಮೂಸಿತು, ಈ ಹೆಂಗಸು ಯಾರು ಎಂಬಂತೆ ಕೊಂಬು ಬೀಸಿತು, ಮತ್ತೆ ನೈಟಿಯ ಕಡೆಗೆ ಒತ್ತಿ ನಿಂತಿತು.