ಹಿತ್ತಲ ಗುಂಡಿಯ ನೀರು

ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಮನೆಯ ವಾಸನೆ. ಗೂಡನ್ನು ಬಿಸಿನೀರಿಗೆ ಹಾಕಿ, ಎಳೆ ಹುಡುಕಿ, ಚರಕಕ್ಕೆ ಸುತ್ತಿ ಬಿಚ್ಚಿದ ಮೇಲೆ ಉಳಿಯುವುದು ಸತ್ತ ಹುಳು ಮತ್ತು ಕಂದು ಬಣ್ಣದ ಲೋಳೆನೀರು. ಮದುವೆಯಾಗುವವರೆಗೂ ಆ ನೀರನ್ನು ದಿನಾ ಎತ್ತಿ ಚೆಲ್ಲಿದವಳು ನಾನು. ಒಂದು ಮಧ್ಯಾಹ್ನ ಎಲ್ಲಿಗೆ ಬಿಟ್ಟೆ ಅನ್ನುವುದನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮೂರು ಯಳಂದೂರಿಗೆ ನಡೆದುಹೋಗುವಷ್ಟು ದೂರ. ಸುವರ್ಣಾವತಿ ಹೊಳೆ ಊರನ್ನು ಸವರಿಕೊಂಡೇ ಹರಿಯುತ್ತದೆ. ನಮ್ಮ ಬೀದಿಯ ಮನೆಗಳ ಹಿತ್ತಿಲು ಮುಗಿದರೆ ಹೊಳೆಯ ದಂಡೆ. ಬೇಸಿಗೆಯಲ್ಲಿ ಹೊಳೆ ಬತ್ತಿ, ಬಂಡೆಯ ಪಕ್ಕದಲ್ಲಿ ಒಂದು ಮಡು ಮಾತ್ರ ಉಳಿಯುತ್ತಿತ್ತು. ಆ ಮಡುವಿನ ಬದಿಯ ಮರಳಿನಲ್ಲಿ ಮೊಣಕೈಯಷ್ಟು ಆಳ ತೋಡಿದರೆ ತಿಳಿನೀರು ಒಸರುತ್ತಿತ್ತು. ಅದಕ್ಕೆ ಒರತೆ ಅನ್ನುತ್ತಿದ್ದೆವು. ಊರೆಲ್ಲ ಕುಡಿಯುತ್ತಿದ್ದದ್ದು ಅದನ್ನೇ. ಬಿಂದಿಗೆಗೆ ಚಿಪ್ಪಿನಲ್ಲಿ ಮೊಗೆದು ಮೊಗೆದು ತುಂಬಬೇಕು. ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು, ಆದರೆ ಆ ನೀರಿನಲ್ಲಿ ಬೇಯಿಸಿದ ಬೇಳೆಗೆ ಬೇರೆಯೇ ರುಚಿ.

ಬೀದಿಯ ಎಲ್ಲ ಮನೆಯಲ್ಲೂ ಚರಕವಿತ್ತು. ಎಲ್ಲರ ನೀರೂ ಮೋರಿಗೆ ಹೋಗುತ್ತಿತ್ತು, ಮೋರಿ ಮಡುವಿನ ಮೇಲುಗಡೆ ಹೊಳೆಗೆ ಬೀಳುತ್ತಿತ್ತು. ನಮ್ಮ ತಾತನ ಕಾಲದಿಂದಲೂ ಹಾಗೆಯೇ. ಆಗ ಚರಕಗಳು ಕಡಿಮೆ, ಹೊಳೆಯಲ್ಲಿ ನೀರು ಜಾಸ್ತಿ. ನಾನು ದೊಡ್ಡವಳಾಗುವ ಹೊತ್ತಿಗೆ ಎರಡೂ ತಿರುವುಮುರುವಾಗಿತ್ತು. ಊರಿನ ಸಾವುಕಾರರು ಒಬ್ಬರೇ ಉದ್ದನೆಯ ಕೊಟ್ಟಿಗೆ ಕಟ್ಟಿಸಿ ಸಾಲಾಗಿ ಚರಕ ಹಾಕಿಸಿದ್ದರು. ಒರತೆಯ ನೀರಿಗೆ ಗೂಡಿನ ವಾಸನೆ ಬರತೊಡಗಿತು. ನಾವು ಒರತೆಯನ್ನು ಇನ್ನಷ್ಟು ದೂರ ತೋಡಿಕೊಂಡೆವೇ ಹೊರತು ಮೋರಿಯ ಕಡೆ ತಿರುಗಿ ನೋಡಲಿಲ್ಲ.

ನೋಡಿದವನು ನನ್ನ ತಮ್ಮ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಚರಕ ತಿರುಗಿಸಲು ಮನೆಯಲ್ಲಿ ಕೈ ಬೇಕಿತ್ತು, ಬಿಡಿಸಿದರು. ಅವನು ಯಳಂದೂರಿನ ಹೈಸ್ಕೂಲಿಗೆ ಹೋದ. ಅಲ್ಲಿ ಹೊಸದಾಗಿ ಬಂದಿದ್ದ ವಿಜ್ಞಾನದ ಮೇಷ್ಟ್ರು ಮೋರಿಯ ನೀರನ್ನೂ ಒರತೆಯ ನೀರನ್ನೂ ಗಾಜಿನ ಬಾಟಲಿಯಲ್ಲಿ ತರಿಸಿ, ಎರಡರಲ್ಲೂ ಮೀನುಮರಿ ಬಿಟ್ಟು ಹುಡುಗರಿಗೆ ತೋರಿಸಿದರಂತೆ. ಅಂದು ಸಂಜೆ ತಮ್ಮ ಉಣ್ಣಲಿಲ್ಲ.

"ಮೋರಿ ನೀರ್ನಲ್ಲಿ ಬುಟ್ಟ ಮರಿ ಮಗ್ಗಲಾಗೋಯ್ತು ಕಣಕ್ಕ. ಅದೇ ನೀರ ನಾವು ಕುಡೀತಾವಿ."

"ಕುಡ್ದು ನೀನೇನ್ ಸತ್ತಿದ್ದಿಯಾ? ಉಣ್ಲಾ ಸುಮ್ಕೆ," ಅಂದಳು ಅವ್ವ.

ಅವನೂ ಅವನ ಜೊತೆಗಾರರೂ ಭಾನುವಾರಗಳಲ್ಲಿ ಬೀದಿಗೆ ಬರತೊಡಗಿದರು. ಹೊನ್ನೂರಿನಿಂದಲೂ ಕೆಲವರು ನಡೆದು ಬರುತ್ತಿದ್ದರು. ಅವರ ಯೋಜನೆ ಸರಳವಾಗಿತ್ತು. ಒಂದೊಂದು ಮನೆಯ ಹಿತ್ತಿಲಲ್ಲಿ ಒಂದು ಗುಂಡಿ. ಗೂಡಿನ ನೀರೂ ಸತ್ತ ಹುಳುವೂ ಅದಕ್ಕೇ. ಮೇಲೆ ಬೂದಿ, ತರಗು. ಕೊಳೆತ ಮೇಲೆ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ. ಮೋರಿಗೆ ಒಂದು ತೊಟ್ಟೂ ಬಿಡಬಾರದು. ಗುಂಡಿ ತೋಡುವ ಕೆಲಸ ತಮ್ಮದೇ ಅಂದರು ಹುಡುಗರು.

ಜನ ನಕ್ಕರು. "ಏನ್ಲಾ, ಮಾರ್ಕು ಕೊಟ್ಟಾರಾ ಇದ್ಕೆ?" ಅಂದರು. "ಇಸ್ಕೂಲಲ್ಲಿ ಗುಂಡಿ ತೋಡಾದ್ನೂ ಕಲಿಸ್ತಾರಾ, ಅಂಗಾದ್ರೆ ನಮ್ಮೈಕ್ಳ ಯಾಕೆ ಕಳ್ಸದು, ಇಲ್ಲೇ ತೋಡ್ಲಿ ಬುಡು" ಅಂದರು. ಹುಡುಗರು ನಗುವವರ ಜೊತೆ ನಗುತ್ತಲೇ ಅಗೆದರು. ಅಂಗೈ ಬೊಬ್ಬೆ ಒಡೆದು ಗುದ್ದಲಿಯ ಕಾವು ಒದ್ದೆಯಾಗುತ್ತಿತ್ತು. ಪುಕ್ಕಟೆ ಕೆಲಸ ಬೇಡ ಅನ್ನುವವರು ಯಾರು? ಬೇಸಿಗೆ ಬರುವಷ್ಟರಲ್ಲಿ ನಮ್ಮ ಬೀದಿಯ ಎಲ್ಲ ಹಿತ್ತಿಲಲ್ಲೂ ಗುಂಡಿಯಾಗಿತ್ತು. ಸಾವುಕಾರರು ಮಾತ್ರ ಒಪ್ಪಲಿಲ್ಲ. ಕೊನೆಗೆ ಅರಳಿಕಟ್ಟೆಯ ಮುಂದೆ ಹತ್ತು ಜನರೆದುರು ಒಂದು ಮಾತು ಹೇಳಿದರು: "ಈ ಬ್ಯಾಸ್ಗೆ ಕಳೀಲಿ. ಮಡು ನೀರು ತಿಳಿಯಾದ್ರೆ ನಾನೂ ತೋಡುಸ್ತೀನಿ. ಆಗ್ನಿಲ್ಲ ಅಂದ್ರೆ ಎಲ್ಲಾ ಗುಂಡೀನೂ ನೀವೇ ಮುಚ್ಚಬೇಕು, ಏನ್ರಲಾ?"

"ಆಗ್ಲಿ ಸಾ," ಅಂದವನು ನನ್ನ ತಮ್ಮ. "ನಮ್ ಬೀದಿಯಿಂದ ಒಂದ್ ತೊಟ್ಟೂ ಬರಾಕಿಲ್ಲ. ನನ್ ಮಾತು."

ಸಾವುಕಾರರ ನೀರೊಂದು ಬೀಳುತ್ತಿದ್ದರೂ ಮಡು ತಿಳಿಯಾಗತೊಡಗಿತು. ಇದು ನಿಜ, ನಾನೇ ಕಂಡೆ. ಬಂಡೆಯ ನೆರಳಿನಲ್ಲಿ ಕೊರವ ಮೀನು ತನ್ನ ಕೆಂಪು ಮರಿಗಳನ್ನು ಕಟ್ಟಿಕೊಂಡು ತಿರುಗುತ್ತಿತ್ತು. ಹುಡುಗರು ಸ್ಕೂಲಿನಿಂದ ಬರುವಾಗ ಚೀಲ ಹೆಗಲಲ್ಲಿ ಇಟ್ಟುಕೊಂಡೇ ಅದನ್ನು ನೋಡಲು ಓಡುತ್ತಿದ್ದರು.

ನಮ್ಮ ಮನೆಯಲ್ಲಿ ಆಗ ಸಾಕಿದ್ದ ಹುಳು ನಾಲ್ಕನೇ ಜ್ವರದಲ್ಲಿತ್ತು. ಜ್ವರ ಅಂದರೆ ಕಾಯಿಲೆಯಲ್ಲ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿಕೊಂಡು ನಿದ್ದೆ ಮಾಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದರೆ ಬೆಳೆ ಬಂದ ಹಾಗೆ. ಆ ಹೊತ್ತಿನಲ್ಲಿ ಹುಳುಮನೆಯ ಮಡಿ ದೇವರಮನೆಗಿಂತ ಜಾಸ್ತಿ. ಒಗ್ಗರಣೆ ಹಾಕುವ ಹಾಗಿಲ್ಲ, ಮುಟ್ಟಾದವರು ಆ ಕಡೆ ಸುಳಿಯುವ ಹಾಗಿಲ್ಲ. ಹೊರಗಿನವರ ನೆರಳು ಬೀಳಬಾರದು, ಕೆಟ್ಟ ವಾಸನೆ ಹುಳು ಮೇಯುವ ತಟ್ಟೆಗೆ ತಾಗಬಾರದು. ತಾಗಿದರೆ ಹುಳು ಏಳುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ಅದರ ಹಿಂದಿನ ಬೆಳೆ ನಮಗೆ ಪೂರ್ತಿ ಕೈಕೊಟ್ಟಿತ್ತು. ಹುಳು ಹಾಲಿನಂಥ ನೀರು ಬಿಟ್ಟು ತಟ್ಟೆಗಟ್ಟಲೆ ಸತ್ತಿದ್ದವು. ಅವ್ವ ಅವನ್ನು ಮೊರದಲ್ಲಿ ಬಳಿದು ಹಾಕುತ್ತ, ಹೆಣದ ಮುಂದೆ ಅಳುವ ಹಾಗೆ ಅತ್ತಿದ್ದಳು.

ಗುಂಡಿ ಹುಳುಮನೆಯ ಗೋಡೆಯ ಆಚೆಗೇ ಇತ್ತು. ವಾರಗಟ್ಟಲೆ ಸುರಿದ ನೀರು ಅಂಚಿನ ಮಣ್ಣುಕಟ್ಟೆಯವರೆಗೆ ತುಂಬಿ ಕೊಳೆತು ಗುಳ್ಳೆ ಏಳುತ್ತಿತ್ತು. ಬೂದಿ ಹಾಕಬೇಕಾದವಳು ನಾನು. ಹಾಕುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೆರಳು ಬಿಸಿನೀರಿನಲ್ಲಿ ಬೆಂದು, ಎದ್ದರೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅದರ ಮೇಲೆ ಅವನು ಬಂದು, "ಅಕ್ಕ, ಬೂದಿ ಆಕುದ್ಯಾ? ಅಕ್ಕ, ತರಗು ಆಕುದ್ಯಾ?" ಅಂತ ಮೇಷ್ಟ್ರ ಹಾಗೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನಾನು ತಿರುಗಿಸಿದ ಚರಕದ ಮೇಲೆ ಅವನು ಓದುತ್ತಿದ್ದಾನೆ, ಈಗ ನನಗೇ ಪಾಠ ಹೇಳಲು ಬರುತ್ತಾನೆ ಅನ್ನಿಸುತ್ತಿತ್ತು. ಹುಳುವಿನ ಭಯದಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಭಯವಿತ್ತು, ಸುಳ್ಳಲ್ಲ. ಈ ಉರಿಯೂ ಇತ್ತು.

ರಜೆಯ ದಿನದ ಮಟಮಟ ಮಧ್ಯಾಹ್ನ. ಅಪ್ಪ ಸೊಪ್ಪಿನ ತೋಟದಲ್ಲಿದ್ದ, ತಮ್ಮ ಒಬ್ಬನೇ ಸೌದೆಗೆ ಹೋಗಿದ್ದ. ಅವ್ವ ಹುಳುಮನೆಯ ಬಾಗಿಲಿಗೆ ಒರಗಿ ತೂಕಡಿಸುತ್ತಿದ್ದಳು. ನಡುವೆ ಕಣ್ಣು ಬಿಟ್ಟು, "ನಾತ ಒಳಕ್ ಬತ್ತಾ ಅದಲ್ಲವ್ವ, ಇವು ಏಳಾವಾ?" ಅಂದು ಮತ್ತೆ ಕಣ್ಣು ಮುಚ್ಚಿದಳು. ನಾನು ಗುದ್ದಲಿ ತೆಗೆದುಕೊಂಡು ಹೋಗಿ ಗುಂಡಿಗೂ ಮೋರಿಗೂ ನಡುವೆ ತಮ್ಮ ಕಟ್ಟಿದ್ದ ಮಣ್ಣಿನ ಕಟ್ಟೆಯನ್ನು ಕಡಿದೆ. ನೀರು ಕಪ್ಪಗೆ ನುಗ್ಗಿತು. ಮೊದಲು ದಿನಾ ಮೋರಿಗೆ ಚೆಲ್ಲುತ್ತಿದ್ದದ್ದು ಬಾಣಲೆಯಷ್ಟು, ಹೊಳೆ ಹೇಗೋ ತಡೆದುಕೊಳ್ಳುತ್ತಿತ್ತು. ವಾರಗಟ್ಟಲೆ ಕೊಳೆತದ್ದು ಒಂದೇ ಸಲ ಹೋದರೆ ಏನಾಗುತ್ತದೆಂದು ನಾನು ಯೋಚಿಸಲಿಲ್ಲ. ಮುಗಿದಾಗ ಹಗುರವಾಯಿತು ಅನ್ನಿಸಿ, ಕೈತೊಳೆದು, ನೀರು ಕುಡಿದೆ.

ಸಂಜೆಗೆ ಹುಡುಗರ ಕೂಗು ಕೇಳಿಸಿತು. ಮಡುವಿನ ತುಂಬ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊರವ ಬಂಡೆಗೆ ಒತ್ತಿಕೊಂಡು ಬಾಯಿ ಕಳೆದಿತ್ತು. ಒರತೆಗಳ ಮೇಲೆ ಲೋಳೆ ಕಟ್ಟಿತ್ತು.

ತಮ್ಮ ಹಿತ್ತಿಲಿಗೆ ಬಂದವನು ಒಡೆದ ಕಟ್ಟೆಯ ಮುಂದೆ ನಿಂತ. ನಾನು ಚರಕ ನಿಲ್ಲಿಸಲಿಲ್ಲ.

"ಅಕ್ಕ, ಇದ ಯಾರು ಒಡೆದೋರು?"

"ಅದ್ಯಂಗೆ ಗೊತ್ತು ನಂಗೆ? ತುಂಬಿತ್ತು, ತಾನೇ ಒಡ್ಕಂಡದ."

ತಾನೇ ಒಡೆದ ಕಟ್ಟೆ ಕೊರೆದುಹೋಗಿರುತ್ತದೆ. ಇದರ ಮೇಲೆ ಗುದ್ದಲಿಯ ಏಟು ಒಂದರ ಪಕ್ಕ ಒಂದು ಅಚ್ಚೊತ್ತಿದ ಹಾಗಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ನನ್ನ ಸೀರೆಯ ಅಂಚಿನ ಕೆಸರು ನೋಡಿದ. 

ಮಾರನೆಯ ದಿನ ಅರಳಿಕಟ್ಟೆಯ ಮುಂದೆ ಜನ ಸೇರಿದರು. ಮೇಷ್ಟ್ರನ್ನೂ ಕರೆಸಿದ್ದರು. ನಾವು ಹೆಂಗಸರು ಎದುರಿನ ಮನೆಯ ಜಗಲಿಯಲ್ಲಿ ನಿಂತಿದ್ದೆವು. ಮೋರಿಯುದ್ದಕ್ಕೂ ಸತ್ತ ಹುಳು ನಮ್ಮ ಹಿತ್ತಿಲಿನಿಂದಲೇ ಶುರುವಾಗಿದ್ದನ್ನು ಎಲ್ಲರೂ ಕಂಡಿದ್ದರು.

ಸಾವುಕಾರರು ರೇಗಲಿಲ್ಲ, ನಗುತ್ತಲೇ ಕೇಳಿದರು. "ಊರ್ ಮೋರಿ ಕಾಯೋಕ್ ಹೋದ್ಯಲ್ಲಪ್ಪ, ನಿನ್ ಹಿತ್ಲ ಕಾಯಕ್ಕಾಗ್ನಿಲ್ವಾ? ಯಾರ್ ಬುಟ್ಟೋರು ನೀರ? ಮನೇಲಿ ಇದ್ದೋರ್ನ ಕರುಸು, ನಾಲ್ಕ್ ಜನದ್ ಮುಂದೆ ಯೋಳ್ಲಿ."

ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು. ಆ ವಾರವೇ ಕೊಳ್ಳೇಗಾಲದ ಕಡೆಯಿಂದ ನನ್ನನ್ನು ನೋಡಲು ಬರುವವರಿದ್ದರು. ಅವ್ವ ನನ್ನ ರಟ್ಟೆಯನ್ನು ಉಗುರು ಊರುವ ಹಾಗೆ ಹಿಡಿದುಕೊಂಡಳು. ತಮ್ಮ ಒಂದು ಸಲ ಜಗಲಿಯ ಕಡೆ ನೋಡಿದ.

"ನಾನೇ ಸಾ, ಬುಟ್ಟೋನು," ಅಂದ.

ಮೇಷ್ಟ್ರು ಎದ್ದು ನಿಂತರು. "ನೀನಾ? ಯಾಕೆ?"

"ನಾತ ಬತ್ತಿತ್ತು ಸಾ. ಹುಳ ಜ್ವರದಲ್ಲಿ ಅವೆ."

ಅವನ ಜೊತೆಗಾರರಲ್ಲಿ ಒಬ್ಬ, ಹೊನ್ನೂರಿನ ಹುಡುಗ, ಅಂಗೈಯಲ್ಲಿ ಬೊಬ್ಬೆಯ ಕಲೆ ಇನ್ನೂ ಉಳಿದಿದ್ದವನು, ಹತ್ತಿರ ಬಂದು ತಮ್ಮನ ಮುಖಕ್ಕೆ ಉಗಿದ. "ಥೂ, ನಿನ್ ಮಾತ್ ನಂಬ್ಕಂಡು ಅಗುದ್ವಲ್ಲೋ ಲೇ," ಅಂದ. ತಮ್ಮ ಒರೆಸಿಕೊಳ್ಳಲಿಲ್ಲ. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹೋದರು.

ನಾನು ಜಗಲಿ ಇಳಿಯಬಹುದಿತ್ತು. ಅಷ್ಟು ಹೊತ್ತಿಗೆ ಅವ್ವನ ಕೈ ಸಡಿಲವಾಗಿತ್ತು.

ಗುಂಡಿಗಳನ್ನು ಮುಚ್ಚುವ ಮಾತು ಹೇಗೂ ಆಗಿತ್ತು. ಆದರೂ ಕೆಲವರು ಹಿಂದೆಮುಂದೆ ನೋಡುತ್ತಿದ್ದರು, ಗೊಬ್ಬರದ ಆಸೆಯಿತ್ತು. ಅಷ್ಟರಲ್ಲಿ ನಮ್ಮ ಹುಳು ಜ್ವರದಿಂದ ಎದ್ದವು. ಅಂಥ ಬೆಳೆ ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಹಳದಿ ಗೂಡು, ಹಿಡಿದರೆ ಕಲ್ಲಿನ ಹಾಗೆ. ನೋಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು, "ಗುಂಡಿ ಬರಿದ್ ಮಾಡುದ್ರಲ್ಲ, ಅದ್ಕೇ ಕಣವ್ವ ಹುಳ ಎದ್ದದ್ದು" ಅಂದರು. ಅವ್ವ ಹೌದೆಂದಳು. ನಾನೂ ಹೌದೆಂದೆ. ಒಂದು ವಾರದಲ್ಲಿ ಬೀದಿಯ ಗುಂಡಿಗಳೆಲ್ಲ ಮುಚ್ಚಿದವು. ಹುಡುಗರನ್ನು ಯಾರೂ ಕರೆಯಲಿಲ್ಲ, ಮನೆಮನೆಯವರೇ ಮುಚ್ಚಿಕೊಂಡರು. ನಮ್ಮದನ್ನು ತಮ್ಮ ಒಬ್ಬನೇ ಮುಚ್ಚಿದ. ಎಷ್ಟೋ ವರ್ಷಗಳ ಮೇಲೆ ಕೊಳ್ಳೇಗಾಲದಲ್ಲಿ ಗೂಡಿನ ನೀರು ಕೊಳೆಯುತ್ತಿದ್ದ ಗುಂಡಿಯ ಪಕ್ಕದ ಕೋಣೆಯಲ್ಲೇ ಹುಳು ಸಾಕಿ ಬೆಳೆ ತೆಗೆಯುವವರನ್ನು ಕಂಡೆ. ಆ ನಾತದಲ್ಲೇ ಅವರ ಹುಳು ಜ್ವರದಿಂದ ಏಳುತ್ತಿದ್ದವು.

ಸ್ಕೂಲಿನಲ್ಲಿ ತಮ್ಮನ ಜೊತೆ ಯಾರೂ ಬೆಂಚಿನಲ್ಲಿ ಕೂರುತ್ತಿರಲಿಲ್ಲವಂತೆ. ಅವನೇ ಹೇಳಿದ್ದಲ್ಲ, ಕೇಳಿದ್ದು. ಪರೀಕ್ಷೆಗೆ ಮುಂಚೆ ಬಿಟ್ಟ. ಸಾವುಕಾರರ ಕೊಟ್ಟಿಗೆಯಲ್ಲಿ ಚರಕಕ್ಕೆ ಕೂತ. ಅವರ ನೀರು ಮೋರಿಗೆ ಹೋಗುವುದನ್ನು ದಿನಾ ನೋಡುತ್ತ ಕೂತ. ನನ್ನನ್ನು ಕೊಳ್ಳೇಗಾಲದವರೇ ಒಪ್ಪಿದರು. ಮದುವೆಯಾಗಿ ಹೊರಡುವ ದಿನ ಗಾಡಿಯ ಪಕ್ಕದಲ್ಲಿ ನಿಂತವನ ಕೈ ಹಿಡಿದು, "ಲೋ, ಅವತ್ತು..." ಅಂದೆ.

"ಬುಡಕ್ಕ. ಎತ್ತು ಎದ್ರುಕತಾವೆ, ಸರೀಗ್ ಕೂತ್ಕೊ," ಅಂದ.

ಆಮೇಲೆ ಹನೂರಿನ ಕಡೆ ಕೆಲಸಕ್ಕೆ ಹೋದ, ಅಲ್ಲೇ ಉಳಿದ. ಹೆಚ್ಚು ಮಾತಿನವನಲ್ಲ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಹುಡುಗನಾಗಿದ್ದಾಗ ಎಷ್ಟು ಮಾತಾಡುತ್ತಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ.

ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಪ್ಯಾಂಟು ಹಾಕಿದ ಒಬ್ಬರು, "ಅಕ್ಕ, ಗುರ್ತು ಸಿಗ್ಲಿಲ್ವಾ?" ಅಂದರು. ಹೊನ್ನೂರಿನ ಹುಡುಗ. ಯಾವುದೋ ಆಫೀಸಿನಲ್ಲಿ ಕೆಲಸವಂತೆ. ಊರು, ಹೊಳೆ ಎಲ್ಲ ವಿಚಾರಿಸಿದರು. ಕೊನೆಗೆ, "ಅವನ ಮ್ಯಾಲೆ ನಮ್ಗೆ ಎಂಥಾ ನಂಬ್ಕೆ ಇತ್ತು ಗೊತ್ತಾ ಅಕ್ಕ? ಅವತ್ತಿಂದ ನಾನು ಇನ್ನೊಬ್ರ ಮಾತ್ ನಂಬಿ ಯಾವ್ದ್ಕೂ ಕೈ ಆಕಿಲ್ಲ. ಅಂಗ್ ಮಾಡಬಾರ್ದಿತ್ತು ಅವನು," ಅಂದರು.

ನಾನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡೆ. "ಊ ಕಣಪ್ಪ," ಅಂದೆ. "ಏನ್ ಮಾಡದು, ಚಿಕ್ಕ್ ವಯಸ್ಸು."

ಅವರ ಬಸ್ಸು ಬಂತು, ಹೋದರು. ಜಗಲಿಯಲ್ಲಿದ್ದಾಗ ನನಗೂ ಚಿಕ್ಕ ವಯಸ್ಸು, ಅವ್ವನ ಕೈಯಿತ್ತು, ಮದುವೆಯ ಮಾತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಯಾರೂ ಹಿಡಿದಿರಲಿಲ್ಲ.

ತಮ್ಮ ಹೋದ ವರ್ಷ ಹನೂರಿನಲ್ಲಿ ತೀರಿಕೊಂಡ. ಮಣ್ಣಿಗೆ ಅವನ ಸ್ಕೂಲಿನ ಒಬ್ಬರೂ ಬರಲಿಲ್ಲ. ಅವರಿಗೆ ಯಾರೂ ಹೇಳಿಕಳಿಸಿರಲಿಲ್ಲ, ಹೇಳಿದ್ದರೂ ಬರುತ್ತಿದ್ದರೆಂದು ಅನ್ನಿಸುವುದಿಲ್ಲ. ತಿಥಿ ಮುಗಿಸಿ ವಾಪಸು ಬರುವಾಗ ಕೊಳ್ಳೇಗಾಲದಲ್ಲಿ ಇಳಿಯದೆ ಮುಂದೆ ತವರಿನಲ್ಲಿ ಇಳಿದೆ. ಹೊಳೆಗೆ ಹೋದೆ. ಮಡು ಕಪ್ಪಗಿತ್ತು, ದನವೂ ಇಳಿಯುತ್ತಿರಲಿಲ್ಲ. ಸುಮ್ಮನೆ ಕೂತು ಮರಳನ್ನು ಕೈಯಲ್ಲಿ ತೋಡಿದೆ, ಹಿಂದೆ ತೋಡುತ್ತಿದ್ದಷ್ಟೇ ಆಳ. ಸ್ವಲ್ಪ ಹೊತ್ತಿನ ಮೇಲೆ ನೀರು ಒಸರಿತು. ಬಗ್ಗಿ ಮೂಸಿದೆ. ಗೂಡಿನ ನೀರಿನ ವಾಸನೆ. ಅಂದಿನ ನನ್ನ ಕೈಯ ವಾಸನೆಯೇ.